ಫೆನ್‌ವೇ ಪಾರ್ಕ್ ಪ್ರವಾಸ: ಎಡಗಡೆಯ ಹಸಿರು ಗೋಡೆ ನೋಡಿ, ಬಲಗಡೆಯ ಕೆಂಪು ಕುರ್ಚಿ ಮರೆಯಬೇಡಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಈಗಲೂ ಆಟ ನಡೆಯುವ ಅತಿ ಹಳೆಯ ಮೈದಾನ ಬಾಸ್ಟನ್‌ನ ಫೆನ್‌ವೇ ಪಾರ್ಕ್. 1912ರ ಏಪ್ರಿಲ್ 20ರಂದು ಇಲ್ಲಿ ಲೀಗ್‌ನ ಮೊದಲ ಪಂದ್ಯ ನಡೆಯಿತು. ಬಾಸ್ಟನ್ ರೆಡ್ ಸಾಕ್ಸ್ ತಂಡದ ಮನೆ ಅಂದಿನಿಂದ ಇಂದಿನವರೆಗೂ ಇದೇ. ಆಟವಿಲ್ಲದ ಹೊತ್ತಿನಲ್ಲಿ ಮಾರ್ಗದರ್ಶಿಯ ಜೊತೆ ಸುಮಾರು ಒಂದು ಗಂಟೆ ಒಳಗೆಲ್ಲ ಸುತ್ತಿ ಬರುವ ಪ್ರವಾಸಕ್ಕೆ ಟಿಕೆಟ್ ಸಿಗುತ್ತದೆ. ಈ ವಿಮರ್ಶೆ ಆ ಪ್ರವಾಸದ್ದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ದುಡ್ಡಿಗೆ ಮೋಸವಿಲ್ಲ. ಬೇಸ್‌ಬಾಲ್ ಗೊತ್ತಿಲ್ಲದವರಿಗೂ ಬೇಜಾರಾಗುವುದಿಲ್ಲ. ಆದರೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ತಂಡದ ಚರಿತ್ರೆ ಒಂದು ಗಂಟೆಯಲ್ಲಿ ಹಿಡಿಸುವ ಮಾತಲ್ಲ. ಬಂದವರ ಕಣ್ಣೂ ಕ್ಯಾಮೆರಾವೂ ಎಡಗಡೆಯ ದೊಡ್ಡ ಹಸಿರು ಗೋಡೆಯ ಮೇಲೇ ನಿಲ್ಲುತ್ತವೆ. ತಂಡದ ಅತ್ಯಂತ ದೊಡ್ಡ ಆಟಗಾರ ಟೆಡ್ ವಿಲಿಯಮ್ಸ್‌ನ ಗುರುತುಗಳಿರುವುದು ಹೆಚ್ಚಾಗಿ ಅದರ ಎದುರು ದಿಕ್ಕಿನಲ್ಲಿ, ಬಲಗಡೆ. ಅವು ಎಲ್ಲಿವೆ, ಅವುಗಳ ಅರ್ಥ ಏನು ಎಂದು ತಿಳಿದುಕೊಂಡು ಹೋದರೆ ಅದೇ ಟಿಕೆಟ್‌ಗೆ ಎರಡು ಪಟ್ಟು ಸಿಗುತ್ತದೆ.

ಹೋಗುವ ದಾರಿಯಲ್ಲೇ ಹೊಸಬರು ಎಡವುತ್ತಾರೆ. ನಗರದ ಗ್ರೀನ್ ಲೈನ್ ರೈಲಿನಲ್ಲಿ 'ಫೆನ್‌ವೇ' ಎಂಬ ಹೆಸರಿನದೇ ಒಂದು ನಿಲ್ದಾಣವಿದೆ. ಹೆಸರು ನೋಡಿ ಅಲ್ಲಿ ಇಳಿಯಬೇಡಿ. ಮೈದಾನಕ್ಕೆ ಹತ್ತಿರದ್ದು ಕೆನ್‌ಮೋರ್. ಗ್ರೀನ್ ಲೈನ್‌ನ ಬಿ, ಸಿ, ಡಿ ಗಾಡಿಗಳು ಕೆನ್‌ಮೋರ್‌ಗೆ ಹೋಗುತ್ತವೆ. ಇ ಗಾಡಿ ಕಾಪ್ಲಿ ದಾಟಿದ ಮೇಲೆ ಬೇರೆ ದಾರಿ ಹಿಡಿಯುವುದರಿಂದ ಅದನ್ನು ಹತ್ತಿದವರು ವಾಪಸ್ ಬರಬೇಕಾಗುತ್ತದೆ. ಊರ ಹೊರಗಿಂದ ಕಮ್ಯೂಟರ್ ರೈಲಿನಲ್ಲಿ ಬರುವವರಿಗೆ ಲ್ಯಾನ್ಸ್‌ಡೌನ್ ನಿಲ್ದಾಣ ಅನುಕೂಲ. ಕಾರು ತರುವ ಯೋಚನೆ ಬೇಡ, ಪಂದ್ಯದ ದಿನವಂತೂ ಬೇಡವೇ ಬೇಡ. ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಊರೊಳಗೆ ಬರುವವರು ಬಂದರಿನ ನೀರಿನಡಿ ಹಾದುಬರುವ ಸುರಂಗಕ್ಕೆ ಟೆಡ್ ವಿಲಿಯಮ್ಸ್ ಸುರಂಗ ಎಂದೇ ಹೆಸರು. 1995ರಲ್ಲಿ ಸಂಚಾರಕ್ಕೆ ತೆರೆದದ್ದು. ಒಬ್ಬ ಆಟಗಾರನಿಗೆ ಈ ಊರು ಎಷ್ಟು ಜಾಗ ಕೊಟ್ಟಿದೆ ಎಂಬುದಕ್ಕೆ ಅದೊಂದು ಅಳತೆ.

ದಿನ ಆರಿಸುವಾಗ ರೆಡ್ ಸಾಕ್ಸ್ ಊರಲ್ಲಿ ಆಡುವ ದಿನವೋ ಅಲ್ಲವೋ ನೋಡಿಕೊಳ್ಳಿ. ಒಂದು ಋತುವಿನಲ್ಲಿ ತವರಿನ ಪಂದ್ಯಗಳೇ 81. ಪಂದ್ಯವಿರುವ ದಿನ ಪ್ರವಾಸಗಳು ಬೇಗ ಮುಗಿಯುತ್ತವೆ, ಮೈದಾನ ಸಿದ್ಧ ಮಾಡುವ ಕೆಲಸದಿಂದಾಗಿ ಕೆಲವು ಜಾಗಗಳಿಗೆ ಬಿಡದೆಯೂ ಇರಬಹುದು. ತಂಡ ಬೇರೆ ಊರಿಗೆ ಹೋಗಿರುವ ವಾರದ ಬೆಳಗಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು: ಗುಂಪು ಚಿಕ್ಕದು, ಮಾರ್ಗದರ್ಶಿಗೆ ಪ್ರಶ್ನೆ ಕೇಳಲು ಬಿಡುವು. ಏಪ್ರಿಲ್‌ನಲ್ಲಿ ಗೋಡೆಯ ಮೇಲೆ ನಿಂತರೆ ಗಾಳಿ ಕೊರೆಯುತ್ತದೆ, ಸ್ವೆಟರ್ ಇರಲಿ. ಮೆಟ್ಟಿಲು ಕಷ್ಟವಾಗುವವರು ಟಿಕೆಟ್ ಕೊಳ್ಳುವಾಗಲೇ ತಿಳಿಸಿಬಿಡಿ. ಹಳೆಯ ಕಟ್ಟಡ, ಎಲ್ಲ ಕಡೆ ಇಳಿಜಾರು ದಾರಿ ಸುಲಭವಾಗಿ ಸಿಗುವುದಿಲ್ಲ. ಹುಲ್ಲಿನ ಮೇಲೆ ಕಾಲಿಡಲು ಯಾರಿಗೂ ಬಿಡುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ.

ಒಳಗೆ ಹೋದ ಮೇಲೆ ಮೊದಲು ಕೂರಿಸುವುದು ಸಾಮಾನ್ಯವಾಗಿ ಗ್ರ್ಯಾಂಡ್‌ಸ್ಟ್ಯಾಂಡ್‌ನ ನೀಲಿ ಮರದ ಕುರ್ಚಿಗಳಲ್ಲಿ. 1933ರಲ್ಲಿ ಟಾಮ್ ಯಾಕಿ ತಂಡವನ್ನು ಕೊಂಡು, ಮರುವರ್ಷ ಮೈದಾನವನ್ನೇ ಹೆಚ್ಚುಕಡಿಮೆ ಹೊಸದಾಗಿ ಕಟ್ಟಿಸಿದ ಕಾಲದ ಕುರ್ಚಿಗಳು ಇವು. ಕಿರಿದು, ಮೊಣಕಾಲಿಗೆ ಜಾಗವಿಲ್ಲ, ಮಡಚುವಾಗ ಕಟಕಟ ಸದ್ದು. ಅಷ್ಟಾದರೂ ಪ್ರವಾಸದ ಅತ್ಯುತ್ತಮ ಹತ್ತು ನಿಮಿಷ ಇಲ್ಲಿಯದೇ, ಏಕೆಂದರೆ ಮೈದಾನದ ವಿಚಿತ್ರ ಆಕಾರ ಪೂರ್ತಿ ಅರ್ಥವಾಗುವುದು ಇಲ್ಲಿಂದ. ಬೇಸ್‌ಬಾಲ್‌ನಲ್ಲಿ ಒಳಮೈದಾನದ ಅಳತೆಗಳೆಲ್ಲ ನಿಗದಿ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ ಬೇಲಿ ಎಷ್ಟು ದೂರ ಎಂಬುದು ಮಾತ್ರ ಆಯಾ ಮೈದಾನಕ್ಕೆ ಬಿಟ್ಟದ್ದು. ಫೆನ್‌ವೇಯನ್ನು ಸುತ್ತಲಿನ ಬೀದಿಗಳ ನಡುವೆ ಸಿಕ್ಕಿದ ಜಾಗಕ್ಕೆ ಹೊಂದಿಸಿ ಕಟ್ಟಿದರು. ಎಡಗಡೆ ಲ್ಯಾನ್ಸ್‌ಡೌನ್ ಬೀದಿ ಅಡ್ಡ ಬಂದದ್ದರಿಂದ ಅಲ್ಲಿ ಬೇಲಿ 310 ಅಡಿಗೇ ನಿಂತಿತು. ಹತ್ತಿರವಾದದ್ದಕ್ಕೆ ಗೋಡೆ ಎತ್ತರವಾಯಿತು: 37 ಅಡಿ 2 ಇಂಚು. ನಡುವಿನಿಂದ ಸ್ವಲ್ಪ ಬಲಕ್ಕೆ ಒಂದು ತ್ರಿಕೋನದ ಮೂಲೆ 420 ಅಡಿ ಆಳಕ್ಕೆ ಹೋಗುತ್ತದೆ. ಬಲಗಡೆ ಬುಲ್‌ಪೆನ್‌ಗಳ, ಅಂದರೆ ಚೆಂಡು ಎಸೆಯುವ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಅಂಕಣಗಳ, ಮುಂದಿನ ಬೇಲಿ 380 ಅಡಿ. ಬಲಗಡೆಯ ಕಟ್ಟಕಡೆಯ ತುದಿಯ ಕಂಬ ಮಾತ್ರ 302 ಅಡಿ, ಅಲ್ಲಿಂದ ಬೇಲಿ ಸರಕ್ಕನೆ ಹೊರಕ್ಕೆ ಬಾಗಿಬಿಡುತ್ತದೆ. ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಟೆಡ್ ವಿಲಿಯಮ್ಸ್‌ನ ಲೆಕ್ಕ ಮಾಡುವಾಗ ಬೇಕಾಗುತ್ತವೆ.

ಗ್ರೀನ್ ಮಾನ್‌ಸ್ಟರ್ ಎಂದು ಕರೆಯುವ ಆ ಗೋಡೆಯ ಮೇಲಿನ ಕುರ್ಚಿಗಳವರೆಗೂ ಪ್ರವಾಸದಲ್ಲಿ ಕರೆದೊಯ್ಯುತ್ತಾರೆ. ಈ ಕುರ್ಚಿಗಳು 2003ರಲ್ಲಿ ಬಂದವು. ಅದಕ್ಕೂ ಮುಂಚೆ ಅಲ್ಲಿದ್ದದ್ದು ಬಲೆ. ಬಲೆಯಲ್ಲಿ ಸಿಕ್ಕಿಕೊಂಡ ಚೆಂಡು ತೆಗೆಯಲು ಹಾಕಿದ್ದ ಏಣಿ ಈಗಲೂ ಗೋಡೆಗೆ ಅಂಟಿಕೊಂಡೇ ಇದೆ. ಚೆಂಡು ಆ ಏಣಿಗೆ ಬಡಿದು ಮೈದಾನದೊಳಗೇ ಬಿದ್ದರೆ ಆಟ ನಡೆಯುತ್ತಲೇ ಇರುತ್ತದೆ. ಗೋಡೆಯ ಹಸಿರು ಬಣ್ಣ 1947ರದ್ದು, ಅದಕ್ಕೂ ಮುಂಚೆ ಗೋಡೆ ತುಂಬ ಜಾಹೀರಾತುಗಳಿದ್ದವು. ಗೋಡೆಯ ಬುಡದಲ್ಲಿ ಕೈಯಿಂದ ನಡೆಸುವ ಸ್ಕೋರ್‌ಬೋರ್ಡ್. ಒಳಗೆ ಕೂತವರು ಸೀಳಿನಿಂದ ಆಟ ನೋಡುತ್ತ ಅಂಕಿಯ ತಗಡುಗಳನ್ನು ಬದಲಿಸುತ್ತಾರೆ. ಸ್ಕೋರ್‌ಬೋರ್ಡ್‌ನ ಬಿಳಿ ಗೆರೆಗಳ ಮೇಲೆ ಲಂಬವಾಗಿ ಚುಕ್ಕೆ, ಗೀಟುಗಳಿವೆ, ಹತ್ತಿರದಿಂದ ನೋಡಿ. ಮೋರ್ಸ್ ಸಂಕೇತದಲ್ಲಿ ಬರೆದಿರುವ ಟಿ-ಎ-ವೈ ಮತ್ತು ಜೆ-ಆರ್-ವೈ, ಅಂದರೆ ಮಾಲೀಕ ಟಾಮ್ ಯಾಕಿ ಮತ್ತು ಹೆಂಡತಿ ಜೀನ್ ಯಾಕಿಯವರ ಹೆಸರಿನ ಮೊದಲಕ್ಷರಗಳು. ಗೋಡೆಯ ಮೇಲೆ ಹೋದಾಗ ಎಲ್ಲರೂ ತಮ್ಮ ಫೋಟೋ ತೆಗೆದುಕೊಳ್ಳುವುದರಲ್ಲಿ ಮುಳುಗುತ್ತಾರೆ. ನೀವು ಅಲ್ಲಿಂದ ಬಲಗಡೆಯ ಬ್ಲೀಚರ್ಸ್ ಕಡೆ, ಅಂದರೆ ಸೂರಿಲ್ಲದ ಗ್ಯಾಲರಿ ಕಡೆ ನೋಡಿ. ಹಸಿರು ಕುರ್ಚಿಗಳ ಸಮುದ್ರದಲ್ಲಿ ಒಂದೇ ಒಂದು ಕೆಂಪು ಕುರ್ಚಿ. ಅದರ ವಿಷಯ ಮುಂದೆ ಬರುತ್ತದೆ.

ತಂಡದ ಚರಿತ್ರೆಯನ್ನು ಪ್ರವಾಸದಲ್ಲಿ ಸಾಮಾನ್ಯವಾಗಿ ಹೇಳುವುದು 'ಶಾಪ'ದ ಕಥೆಯಾಗಿ. ಕೇಳಲು ಚೆನ್ನಾಗಿರುತ್ತದೆ, ಆದರೆ ಹಿಂದುಮುಂದು ಗೊತ್ತಿರಲಿ. ತಂಡ ಹುಟ್ಟಿದ್ದು 1901ರಲ್ಲಿ, ಅಮೆರಿಕನ್ ಲೀಗ್ ಜೊತೆಗೇ. ಆಗ ಬಾಸ್ಟನ್ ಅಮೆರಿಕನ್ಸ್ ಎಂದು ಕರೆಯುತ್ತಿದ್ದರು, ಆಡುತ್ತಿದ್ದದ್ದು ಹಂಟಿಂಗ್ಟನ್ ಅವೆನ್ಯೂ ಮೈದಾನದಲ್ಲಿ. ಎರಡು ಲೀಗ್‌ಗಳ ಚಾಂಪಿಯನ್‌ಗಳು ಪ್ರಶಸ್ತಿಗಾಗಿ ಆಡುವ ವರ್ಲ್ಡ್ ಸೀರೀಸ್ ಮೊಟ್ಟಮೊದಲು ನಡೆದ 1903ರಲ್ಲಿ ಪಿಟ್ಸ್‌ಬರ್ಗ್ ತಂಡವನ್ನು 5-3ರಿಂದ ಸೋಲಿಸಿತು, ಪಿಚರ್ ಸೈ ಯಂಗ್ ತಂಡದಲ್ಲಿದ್ದ ಕಾಲ ಅದು. ರೆಡ್ ಸಾಕ್ಸ್ ಎಂಬ ಹೆಸರು 1908ರ ಋತುವಿನಿಂದ. 1912, 1915, 1916, 1918, ಆರೇಳು ವರ್ಷದಲ್ಲಿ ನಾಲ್ಕು ಪ್ರಶಸ್ತಿ. ಕೊನೆಯ ಮೂರರಲ್ಲಿ ಬೇಬ್ ರೂತ್ ತಂಡದಲ್ಲಿದ್ದ, ಅದೂ ಮುಖ್ಯವಾಗಿ ಪಿಚರ್ ಆಗಿ. ಮಾಲೀಕ ಹ್ಯಾರಿ ಫ್ರೇಜಿ ಅವನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಒಂದು ಲಕ್ಷ ಡಾಲರ್‌ಗೆ ಮಾರಿದ ಸುದ್ದಿ ಹೊರಬಿದ್ದದ್ದು 1920ರ ಜನವರಿಯಲ್ಲಿ. ಅದರ ಜೊತೆಗೆ ಯಾಂಕೀಸ್ ಮಾಲೀಕನಿಂದ ದೊಡ್ಡ ಸಾಲವೂ ಸಿಕ್ಕಿತು, ಅಡಮಾನಕ್ಕೆ ಇಟ್ಟದ್ದು ಇದೇ ಫೆನ್‌ವೇ ಪಾರ್ಕ್ ಅನ್ನು. 1918ರ ಆಮೇಲೆ 86 ವರ್ಷ ಪ್ರಶಸ್ತಿಯಿಲ್ಲ.

ಇದನ್ನು ಶಾಪ ಎಂದು ಕರೆದರೆ ಒಂದು ಅಹಿತಕರ ಸಂಗತಿ ಮರೆಯಾಗುತ್ತದೆ. 1945ರ ಏಪ್ರಿಲ್ 16ರಂದು ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಇದೇ ಫೆನ್‌ವೇಯಲ್ಲಿ ಆಯ್ಕೆಗೆ ಬಂದು ಆಡಿ ತೋರಿಸಿದ. ತಂಡ ಅವನನ್ನು ತೆಗೆದುಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಅವನು ಬ್ರೂಕ್ಲಿನ್ ಡಾಡ್ಜರ್ಸ್ ಪರ ಇಳಿದು ಆಟದ ಚರಿತ್ರೆಯನ್ನೇ ಬದಲಿಸಿದ. ರೆಡ್ ಸಾಕ್ಸ್ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1959ರ ಜುಲೈನಲ್ಲಿ, ಪಂಪ್ಸಿ ಗ್ರೀನ್ ಹೆಸರಿನವನನ್ನು. ಅಂದಿನ ಎಲ್ಲ ಮೇಜರ್ ಲೀಗ್ ತಂಡಗಳಲ್ಲಿ ಕಟ್ಟಕಡೆಯದು ಇದೇ. ಇಷ್ಟು ಕಾಲ ಆಟದ ಶ್ರೇಷ್ಠ ಪ್ರತಿಭೆಗಳಿಗೆ ಬಾಗಿಲು ಹಾಕಿಕೊಂಡ ತಂಡ ಸೋಲಲು ಬೇರೆ ಶಾಪ ಬೇಕಿರಲಿಲ್ಲ. ಹಿಂದೆ ಯಾಕಿ ವೇ ಎಂದು ಹೆಸರಿದ್ದ ಪಕ್ಕದ ಬೀದಿಗೆ 2018ರಲ್ಲಿ ಮತ್ತೆ ಜರ್ಸಿ ಸ್ಟ್ರೀಟ್ ಎಂಬ ಹಳೆಯ ಹೆಸರನ್ನೇ ಕೊಟ್ಟದ್ದಕ್ಕೂ ಇದೇ ಕಾರಣ. ಮಾರ್ಗದರ್ಶಿಯನ್ನು ಈ ಬಗ್ಗೆ ಕೇಳಿ, ಸಂಕೋಚ ಬೇಡ.

ಉಳಿದದ್ದನ್ನು ಬೇಗ ಹೇಳಬಹುದು. 1975ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದ 12ನೇ ಇನ್ನಿಂಗ್ಸ್‌ನಲ್ಲಿ ಕಾರ್ಲ್‌ಟನ್ ಫಿಸ್ಕ್ ಹೊಡೆದ ಚೆಂಡು ಎಡಗಡೆಯ ಹಳದಿ ಕಂಬಕ್ಕೆ ಬಡಿದು ಹೋಮ್ ರನ್ (ಬೇಲಿ ದಾಟಿದ ಹೊಡೆತದ ಲೆಕ್ಕ) ಆಯಿತು, ಆ ಕಂಬಕ್ಕೆ ಈಗ ಅವನದೇ ಹೆಸರು. ಸರಣಿ ಮಾತ್ರ ಸೋತರು. 1986ರಲ್ಲಿ ಪ್ರಶಸ್ತಿಗೆ ಇನ್ನೊಂದೇ ಔಟ್ ಬೇಕಿದ್ದಾಗ ಪಂದ್ಯ ಕೈಜಾರಿತು. 2004ರಲ್ಲಿ ಯಾಂಕೀಸ್ ಎದುರು 0-3ರ ಹಿನ್ನಡೆಯಿಂದ ಎದ್ದು ನಾಲ್ಕು ಪಂದ್ಯ ಸತತವಾಗಿ ಗೆದ್ದು, ವರ್ಲ್ಡ್ ಸೀರೀಸ್ ಅನ್ನು 4-0ಯಿಂದ ಬಾಚಿಕೊಂಡರು. ಆಮೇಲೆ 2007, 2013, 2018. ಇವುಗಳಲ್ಲಿ 2013ರದ್ದು ಫೆನ್‌ವೇಯಲ್ಲೇ ಗೆದ್ದದ್ದು, ತವರಿನಲ್ಲಿ ಹಾಗೆ ಗೆಲ್ಲಲು 1918ರಿಂದ ಕಾಯಬೇಕಾಯಿತು.

ಈಗ ಬಲಗಡೆಗೆ ತಿರುಗೋಣ.

ಟೆಡ್ ವಿಲಿಯಮ್ಸ್ 1918ರ ಆಗಸ್ಟ್ 30ರಂದು ಸ್ಯಾನ್ ಡಿಯೇಗೋದಲ್ಲಿ ಹುಟ್ಟಿದ. ತಾಯಿಯ ಕಡೆಯವರು ಮೆಕ್ಸಿಕೋ ಮೂಲದವರು. 1939ರಿಂದ 1960ರವರೆಗೆ ಆಡಿದ 19 ಋತುಗಳೂ ಬಾಸ್ಟನ್ ಪರವೇ. ಬೇಬ್ ರೂತ್‌ನ ಶ್ರೇಷ್ಠ ವರ್ಷಗಳೆಲ್ಲ ನ್ಯೂಯಾರ್ಕ್‌ಗೆ ಹೋದವು. ಕಾರ್ಲ್ ಯಸ್ಟ್ರೆಮ್‌ಸ್ಕಿ 23 ಋತು ಆಡಿದರೂ ಬ್ಯಾಟಿನಲ್ಲಿ ಟೆಡ್‌ನ ಎತ್ತರಕ್ಕೆ ಬರಲಿಲ್ಲ. ಡೇವಿಡ್ ಆರ್ಟಿಜ್ ಮೂರು ಪ್ರಶಸ್ತಿ ಗೆಲ್ಲಿಸಿಕೊಟ್ಟ, ಅಭಿಮಾನಿಗಳ ಪ್ರೀತಿಯಲ್ಲಿ ಬಹುಶಃ ಅವನೇ ಮೊದಲು. ಆಟದ ಲೆಕ್ಕದಲ್ಲಿ ಮಾತ್ರ ಟೆಡ್‌ಗೆ ಈ ತಂಡದಲ್ಲಿ ಸಾಟಿಯಿಲ್ಲ: ಬ್ಯಾಟಿಂಗ್ ಸರಾಸರಿ .344, ಹೋಮ್ ರನ್ 521, ಬೇಸ್ ತಲುಪಿದ ಪ್ರಮಾಣ .482. ಈ ಕೊನೆಯದು ಮೇಜರ್ ಲೀಗ್ ಚರಿತ್ರೆಯಲ್ಲೇ ಅತಿ ಹೆಚ್ಚು. ಕ್ರೀಸಿಗೆ ಬಂದಾಗಲೆಲ್ಲ ಹೆಚ್ಚುಕಡಿಮೆ ಅರ್ಧದಷ್ಟು ಸಲ ಅವನು ಔಟಾಗದೆ ಬೇಸ್ ಸೇರಿದ ಎಂದರ್ಥ. ಒಂದೇ ಋತುವಿನಲ್ಲಿ ಸರಾಸರಿ, ಹೋಮ್ ರನ್, ತಂಡಕ್ಕೆ ಗಳಿಸಿಕೊಟ್ಟ ರನ್ ಮೂರರಲ್ಲೂ ಲೀಗ್‌ಗೇ ಮೊದಲಿಗನಾದವನ ಪ್ರತಿಷ್ಠಿತ ಟ್ರಿಪಲ್ ಕ್ರೌನ್ ಎರಡು ಸಲ, 1942 ಮತ್ತು 1947ರಲ್ಲಿ.

ಕ್ರಿಕೆಟ್ ಗೊತ್ತಿರುವವರಿಗೆ ಒಂದು ಮಾತು: ಇಲ್ಲಿ ಸರಾಸರಿ ಎಂದರೆ ರನ್‌ಗಳದ್ದಲ್ಲ. ಹಿಟ್‌ಗಳನ್ನು (ಬ್ಯಾಟರ್‌ನನ್ನು ಬೇಸ್ ತಲುಪಿಸಿದ ಹೊಡೆತಗಳನ್ನು) ಬ್ಯಾಟಿಂಗ್ ಅವಕಾಶಗಳಿಂದ ಭಾಗಿಸಿದಾಗ ಬರುವ ಸಂಖ್ಯೆ. .300 ಇದ್ದರೆ ಒಳ್ಳೆಯ ಬ್ಯಾಟರ್. ಪಿಚರ್ ಸರಿಯಾದ ಚೆಂಡು ಹಾಕದೆ ಬೇಸ್ ಬಿಟ್ಟುಕೊಟ್ಟರೆ ಅದು ವಾಕ್, ಅದನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೆಡ್ ಕೆಟ್ಟ ಚೆಂಡಿಗೆ ಬ್ಯಾಟ್ ಬೀಸುತ್ತಲೇ ಇರಲಿಲ್ಲ. ಬೇಸ್ ತಲುಪುವ ಪ್ರಮಾಣ ಅಷ್ಟು ಮೇಲಿರುವುದು ಅದರಿಂದ.

1941ರ ಸೆಪ್ಟೆಂಬರ್ 28ರ ಬೆಳಿಗ್ಗೆ ಅವನ ಲೆಕ್ಕ 448 ಅವಕಾಶಕ್ಕೆ 179 ಹಿಟ್, ಅಂದರೆ .39955. ದಾಖಲೆಯಲ್ಲಿ ಮೂರೇ ಅಂಕಿ ಬರೆಯುವುದರಿಂದ ಅದು .400 ಆಗುತ್ತಿತ್ತು. ಋತುವಿನ ಕೊನೆಯ ದಿನ, ಫಿಲಡೆಲ್ಫಿಯಾದ ಶೈಬ್ ಪಾರ್ಕ್‌ನಲ್ಲಿ ಒಂದೇ ದಿನ ಎರಡು ಪಂದ್ಯ. ಬೇಕಿದ್ದರೆ ಕೂರು ಎಂದು ಮ್ಯಾನೇಜರ್ ಜೋ ಕ್ರೋನಿನ್ ನಿರ್ಧಾರವನ್ನು ಅವನಿಗೇ ಬಿಟ್ಟ. ಟೆಡ್ ಎರಡನ್ನೂ ಆಡಿದ. ಮೊದಲನೆಯದರಲ್ಲಿ ಐದಕ್ಕೆ ನಾಲ್ಕು ಹಿಟ್, ಎರಡನೆಯದರಲ್ಲಿ ಮೂರಕ್ಕೆ ಎರಡು. ಒಟ್ಟು 456ಕ್ಕೆ 185, ಸರಾಸರಿ .406. ಔಟಾಗಿಯೂ ತನ್ನ ಓಟಗಾರನಿಗೆ ರನ್ ಗಳಿಸಿಕೊಡುವ ಎತ್ತರದ ಹೊಡೆತವನ್ನು ಈಗ ಬ್ಯಾಟಿಂಗ್ ಅವಕಾಶದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆ ವರ್ಷದ ನಿಯಮದಲ್ಲಿ ಹಿಡಿಯುತ್ತಿದ್ದರು. ಇಂದಿನ ನಿಯಮವಿದ್ದಿದ್ದರೆ ಅವನ ಸರಾಸರಿ ಇನ್ನೂ ಮೇಲಿರುತ್ತಿತ್ತು. ಇಷ್ಟಾದರೂ ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದು 56 ಪಂದ್ಯ ಸತತವಾಗಿ ಹಿಟ್ ಹೊಡೆದ ಯಾಂಕೀಸ್‌ನ ಜೋ ಡಿಮ್ಯಾಜಿಯೋಗೆ.

".400 ದಾಟಿದ ಕೊನೆಯ ಆಟಗಾರ" ಎಂದು ಟೆಡ್ ಬಗ್ಗೆ ಹೇಳುವುದು ರೂಢಿ. ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಮಟ್ಟಿಗೆ ಅದು ಈಗಲೂ ನಿಜ. ಆದರೆ 2024ರಲ್ಲಿ ಮೇಜರ್ ಲೀಗ್ ಕಪ್ಪು ಆಟಗಾರರಿಗೆ ಪ್ರತ್ಯೇಕವಾಗಿದ್ದ ಹಳೆಯ ನೀಗ್ರೋ ಲೀಗ್‌ಗಳ ಅಂಕಿಅಂಶಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿತು. ಜಾಶ್ ಗಿಬ್ಸನ್‌ನ 1943ರ .466 ಈಗ ಒಂದು ಋತುವಿನ ಅತಿ ಹೆಚ್ಚಿನ ಸರಾಸರಿ. ಟೆಡ್‌ಗೆ ಇದರಿಂದ ಬೇಸರವಾಗುತ್ತಿರಲಿಲ್ಲ ಎಂದು ನಂಬಲು ಗಟ್ಟಿ ಆಧಾರವಿದೆ. 1966ರಲ್ಲಿ ಹಾಲ್ ಆಫ್ ಫೇಮ್ ಸೇರುವ ದಿನ, ತನ್ನ ಗೌರವದ ಭಾಷಣದಲ್ಲೇ, ಸ್ಯಾಚೆಲ್ ಪೇಜ್ ಮತ್ತು ಜಾಶ್ ಗಿಬ್ಸನ್ ಹೆಸರು ಹೇಳಿ, ಅವಕಾಶ ಸಿಗದ ಇಂಥ ಕಪ್ಪು ಆಟಗಾರರೂ ಇಲ್ಲಿಗೆ ಸೇರುವಂತಾಗಲಿ ಎಂದು ಆಶಿಸಿದ್ದು ಅವನೇ. ಪೇಜ್ 1971ರಲ್ಲಿ, ಗಿಬ್ಸನ್ 1972ರಲ್ಲಿ ಸೇರಿದರು. ಟೆಡ್‌ನ .406 ಕೇಳಿ ಬಂದವರು ಈ ಭಾಷಣವನ್ನೂ ತಿಳಿದು ಹೋಗಬೇಕು.

ಮೈದಾನದ ಅಳತೆಗಳು ಕೆಲಸಕ್ಕೆ ಬರುವುದು ಇಲ್ಲಿ. ಟೆಡ್ ಎಡಗೈ ಬ್ಯಾಟರ್. ಅಂಥವರ ಬಲವಾದ ಹೊಡೆತಗಳು ಸಹಜವಾಗಿ ಬಲಗಡೆಗೆ ಹೋಗುತ್ತವೆ. 310 ಅಡಿಯ ಗೋಡೆ ಎಡಗಡೆ, ಅವನ ಎದುರಿಗಿದ್ದದ್ದು ಆಳವಾದ ಬಲಗಡೆ. 1939ರಲ್ಲಿ ಅದು ಇನ್ನೂ ಆಳವಾಗಿತ್ತು. ಹೊಸ ಹುಡುಗನ ಹೊಡೆತ ನೋಡಿದ ತಂಡ 1940ಕ್ಕೆ ಬುಲ್‌ಪೆನ್‌ಗಳನ್ನು ಬಲಗಡೆಗೆ ತಂದು ಬೇಲಿಯನ್ನು 23 ಅಡಿ ಮುಂದಕ್ಕೆ ಎಳೆಯಿತು. ಪತ್ರಿಕೆಗಳು ಅದಕ್ಕೆ ವಿಲಿಯಮ್ಸ್‌ಬರ್ಗ್ ಎಂದು ಹೆಸರಿಟ್ಟವು. ಗ್ರ್ಯಾಂಡ್‌ಸ್ಟ್ಯಾಂಡ್‌ನಿಂದ ನೋಡಿದಾಗ ಬಲಗಡೆ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳಲು ಇರುವ ಎರಡು ಅಂಕಣಗಳು ಕಾಣುತ್ತವಲ್ಲ, ಅವೇ. ಇಷ್ಟು ಮಾಡಿದರೂ ಮೈದಾನ ಅವನಿಗೆ ಹೋಮ್ ರನ್ ಸುಲಭ ಮಾಡಿಕೊಡಲಿಲ್ಲ. 521ರಲ್ಲಿ ಫೆನ್‌ವೇಯಲ್ಲಿ ಹೊಡೆದದ್ದು 248, ಹೊರಗಿನ ಊರುಗಳಲ್ಲಿ 273. ಹಾಗಿದ್ದೂ ಫೆನ್‌ವೇಯಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವನು ಅವನೇ.

ಎದುರಾಳಿಗಳು ಅವನ ಈ ಒಲವನ್ನು ಹಿಡಿದುಕೊಂಡದ್ದೂ ಇದೇ ಮೈದಾನದಲ್ಲಿ. 1946ರ ಜುಲೈ 14ರಂದು ಕ್ಲೀವ್‌ಲ್ಯಾಂಡ್ ಎದುರು ಎರಡು ಪಂದ್ಯ. ಮೊದಲನೆಯದರಲ್ಲಿ ಟೆಡ್ ಮೂರು ಹೋಮ್ ರನ್ ಹೊಡೆದ. ಎರಡನೆಯದರಲ್ಲಿ ಕ್ಲೀವ್‌ಲ್ಯಾಂಡ್‌ನ ಆಟಗಾರ-ಮ್ಯಾನೇಜರ್ ಲೂ ಬುಡ್ರೋ ತನ್ನ ಫೀಲ್ಡರ್‌ಗಳನ್ನೆಲ್ಲ ಬಲಗಡೆಗೆ ತಳ್ಳಿ, ಎಡಗಡೆ ಒಬ್ಬನನ್ನು ಮಾತ್ರ ಬಿಟ್ಟ. ಇದೇ ವಿಲಿಯಮ್ಸ್ ಶಿಫ್ಟ್. ಎಡಗಡೆ ಖಾಲಿ ಜಾಗಕ್ಕೆ ಮೆಲ್ಲಗೆ ತಳ್ಳಿದ್ದರೆ ಸಿಂಗಲ್‌ಗಳು ಧಾರಾಳ ಸಿಗುತ್ತಿದ್ದವು. ಟೆಡ್ ಬಹುಪಾಲು ತನ್ನ ಹೊಡೆತವನ್ನೇ ನೆಚ್ಚಿದ. ದಶಕಗಳ ಮೇಲೆ ಕಂಪ್ಯೂಟರ್ ಲೆಕ್ಕಾಚಾರದಿಂದ ಎಲ್ಲ ತಂಡಗಳೂ ಇದನ್ನೇ ಮಾಡತೊಡಗಿದಾಗ, 2023ರಲ್ಲಿ ಮೇಜರ್ ಲೀಗ್ ನಿಯಮ ತಂದಿತು: ಚೆಂಡು ಎಸೆಯುವಾಗ ಎರಡನೇ ಬೇಸಿನ ಎರಡೂ ಬದಿ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳಿರಲೇಬೇಕು. ಆ ನಿಯಮದ ಬೇರು ಹುಡುಕಿಕೊಂಡು ಹೊರಟರೆ ಈ ಹುಲ್ಲಿನ ಮೇಲೆ ಬಂದು ನಿಲ್ಲುತ್ತೀರಿ.

ಕೆಂಪು ಕುರ್ಚಿಯ ವಿಳಾಸ: ವಿಭಾಗ 42, ಸಾಲು 37, ಸೀಟು 21. 1946ರ ಜೂನ್ 9ರಂದು ಡೆಟ್ರಾಯಿಟ್ ಪಿಚರ್ ಫ್ರೆಡ್ ಹಚಿನ್‌ಸನ್ ಎಸೆತವನ್ನು ಟೆಡ್ ಹೊಡೆದಾಗ ಚೆಂಡು ಅಲ್ಲಿ ಕೂತಿದ್ದ ಪ್ರೇಕ್ಷಕನ ಹುಲ್ಲಿನ ಟೋಪಿಗೆ ಬಡಿದು ತೂತು ಮಾಡಿತು. ದೂರ 502 ಅಡಿ, ಸುಮಾರು 153 ಮೀಟರ್. ಆಗ ಅಲ್ಲಿ ಕುರ್ಚಿಗಳಿರಲಿಲ್ಲ, ಬೆಂಚುಗಳಿದ್ದವು. ಕೆಂಪು ಗುರುತು ಬಂದದ್ದು 1984ರಲ್ಲಿ. ಅಷ್ಟು ದೂರ ಯಾರೂ ಹೊಡೆಯಲಾರರು ಎಂದು ಈಗಿನ ಕಾಲದ ಬಲಿಷ್ಠ ಬ್ಯಾಟರ್‌ಗಳೇ ಅನುಮಾನಪಟ್ಟಿದ್ದಾರೆ, ಡೇವಿಡ್ ಆರ್ಟಿಜ್ ಸಹ. ಆ ದಿನ ಗಾಳಿ ಹೊರಮುಖವಾಗಿ ಜೋರಾಗಿ ಬೀಸುತ್ತಿತ್ತು ಎಂಬುದನ್ನು ಸೇರಿಸಿ ನೋಡಿದರೆ ನಂಬುವುದು ಕಷ್ಟವಲ್ಲ. ಹೋಮ್ ಪ್ಲೇಟಿನ ಹಿಂದಿನ ಕುರ್ಚಿಯಲ್ಲಿ ಕೂತು, ಫೋನಿನ ಕ್ಯಾಮೆರಾವನ್ನು ಹಿಗ್ಗಿಸದೆ ಒಂದು ಚಿತ್ರ ತೆಗೆಯಿರಿ. ಆ ಕುರ್ಚಿ ಒಂದು ಚುಕ್ಕೆಯಷ್ಟೂ ಇರುವುದಿಲ್ಲ. 502 ಅಡಿ ಎಂದರೇನು ಎಂಬುದು ಆಗಲೇ ಮನಸ್ಸಿಗೆ ಇಳಿಯುವುದು. ಪ್ರವಾಸದಲ್ಲಿ ಅದನ್ನು ದೂರದಿಂದ ತೋರಿಸುತ್ತಾರೆ. ಅದರಲ್ಲಿ ಕೂರಲೇಬೇಕೆಂದರೆ ಪಂದ್ಯದ ದಿನ ಆ ಸೀಟಿನ ಟಿಕೆಟ್ ಹುಡುಕಿ, ಉಳಿದ ಸೀಟುಗಳಂತೆ ಅದೂ ಮಾರಾಟಕ್ಕಿರುತ್ತದೆ.

ಟೆಡ್‌ನ ಅಂಕಿಗಳಲ್ಲಿ ಎರಡು ದೊಡ್ಡ ಖಾಲಿ ಜಾಗಗಳಿವೆ. 1943ರಿಂದ 1945ರವರೆಗೆ ಮೂರು ಋತು ಪೂರ್ತಿ ಸೇನೆಯಲ್ಲಿ, ವಿಮಾನ ಚಾಲಕನಾಗಿ ಮತ್ತು ತರಬೇತುದಾರನಾಗಿ. 1952-53ರಲ್ಲಿ ಮತ್ತೆ ಕರೆ ಬಂತು, ಕೊರಿಯಾದಲ್ಲಿ ಮರೀನ್ ಪಡೆಯ ಜೆಟ್ ವಿಮಾನದಲ್ಲಿ 39 ಕಾರ್ಯಾಚರಣೆ. 1953ರ ಫೆಬ್ರವರಿ 16ರಂದು ಗುಂಡು ತಗುಲಿ ಉರಿಯುತ್ತಿದ್ದ ವಿಮಾನವನ್ನು ಚಕ್ರ ಇಳಿಸದೆ ಹೊಟ್ಟೆಯ ಮೇಲೆ ಇಳಿಸಿ ಬದುಕಿಬಂದ. ಮುಂದೆ ಗಗನಯಾತ್ರಿಯಾದ ಜಾನ್ ಗ್ಲೆನ್ ಅದೇ ದಳದಲ್ಲಿದ್ದರು. ಒಟ್ಟು ಸುಮಾರು ಐದು ಋತು ಹೋಯಿತು. ಆ ವರ್ಷಗಳಿದ್ದಿದ್ದರೆ ಹೋಮ್ ರನ್ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತು ಎಂದು ಲೆಕ್ಕ ಹಾಕುವವರಿಗೆ ಕೊನೆಯಿಲ್ಲ. ಅದಕ್ಕಿಂತ ಬೆರಗು ಹುಟ್ಟಿಸುವುದು 1957: ಕೊರಿಯಾದಿಂದ ಬಂದು ನಾಲ್ಕು ವರ್ಷದ ಮೇಲೆ, ಮೂವತ್ತೊಂಬತ್ತು ತುಂಬಿದ ಆ ಋತುವಿನಲ್ಲಿ .388. ಒಂದು ಕೊರತೆಯನ್ನೂ ಹೇಳಬೇಕು. ಅವನು ಆಡಿದ ಒಂದೇ ವರ್ಲ್ಡ್ ಸೀರೀಸ್ 1946ರದ್ದು. ಮೊಣಕೈಗೆ ಪೆಟ್ಟಾಗಿತ್ತು, 25 ಅವಕಾಶಕ್ಕೆ ಐದೇ ಹಿಟ್, ತಂಡ ಸೇಂಟ್ ಲೂಯಿಸ್ ಎದುರು 3-4ರಿಂದ ಸೋತಿತು.

ಪ್ರೇಕ್ಷಕರ ಜೊತೆ ಅವನ ಸಂಬಂಧ ಗಂಟುಗಂಟಾದದ್ದು. ಆಟದ ಮೊದಲ ವರ್ಷಗಳಲ್ಲೇ ಪ್ರೇಕ್ಷಕರ ಕೂಗಾಟ, ಪತ್ರಿಕೆಗಳ ಟೀಕೆಗೆ ಸಿಟ್ಟಾಗಿ ಚಪ್ಪಾಳೆಗೆ ಟೋಪಿ ಎತ್ತುವುದನ್ನೇ ನಿಲ್ಲಿಸಿದ. 1960ರ ಸೆಪ್ಟೆಂಬರ್ 28ರಂದು, .406 ಮುಗಿಸಿದ ದಿನಕ್ಕೆ ಸರಿಯಾಗಿ 19 ವರ್ಷಕ್ಕೆ, ಇಲ್ಲಿ ತನ್ನ ಕೊನೆಯ ಅವಕಾಶದಲ್ಲಿ ಬಾಲ್ಟಿಮೋರ್‌ನ ಜ್ಯಾಕ್ ಫಿಶರ್ ಎಸೆತಕ್ಕೆ ಹೋಮ್ ರನ್ ಹೊಡೆದ. ಅದನ್ನು ನೋಡಿದವರು 10,454 ಜನ ಮಾತ್ರ. ಅಂದೂ ಟೋಪಿ ಎತ್ತಲಿಲ್ಲ. ಎತ್ತಿದ್ದು 1991ರಲ್ಲಿ, ಇಲ್ಲೇ ಅವನ ಗೌರವಕ್ಕೆ ನಡೆದ ಸಮಾರಂಭದಲ್ಲಿ.

ಬಲಗಡೆಯ ಸೂರಿನ ಅಂಚಿನಲ್ಲಿ ನಿವೃತ್ತಿಗೊಳಿಸಿದ ಜರ್ಸಿ ಸಂಖ್ಯೆಗಳ ಸಾಲಿದೆ, ಅದರಲ್ಲಿ 9 ಟೆಡ್‌ನದು. 1984ರಲ್ಲಿ ಮೊದಲು ಹಾಕಿದ್ದು 9 ಮತ್ತು ಕ್ರೋನಿನ್‌ನ 4, ಆಮೇಲೆ ಬಂದವು ಬಾಬಿ ಡೋರ್‌ನ 1, ಯಸ್ಟ್ರೆಮ್‌ಸ್ಕಿಯ 8. ಬಂದ ಕ್ರಮದಲ್ಲೇ ಓದಿದರೆ 9-4-18, ತಿಂಗಳನ್ನು ಮೊದಲು ಬರೆಯುವ ಅಮೆರಿಕದ ರೂಢಿಯಲ್ಲಿ ಸೆಪ್ಟೆಂಬರ್ 4, ತಂಡ ಬಹುಕಾಲದ ಕೊನೆಯ ಪ್ರಶಸ್ತಿ ಗೆದ್ದ 1918ರ ವರ್ಲ್ಡ್ ಸೀರೀಸ್ ಶುರುವಾಗುವ ಹಿಂದಿನ ದಿನದ ತಾರೀಖು. ಅದನ್ನು ಅಪಶಕುನ ಎಂದವರಿದ್ದರು. ಈಗ ಸಂಖ್ಯೆಗಳು ಏರುವ ಕ್ರಮದಲ್ಲಿವೆ.

ಪ್ರವಾಸ ಮುಗಿದ ಮೇಲೆ ನೇರ ಅಂಗಡಿಗೆ ನುಗ್ಗಬೇಡಿ. ಗೇಟ್ ಬಿ ಹೊರಗೆ, ವ್ಯಾನ್ ನೆಸ್ ಬೀದಿಯ ಪ್ರತಿಮೆಗಳಿಗೆ ಟಿಕೆಟ್ಟೇ ಬೇಡ. 2004ರ ಪ್ರತಿಮೆಯಲ್ಲಿ ಟೆಡ್ ತನ್ನ ಟೋಪಿಯನ್ನು ಒಂದು ಮಗುವಿನ ತಲೆಗೆ ಇಡುತ್ತಿದ್ದಾನೆ. ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ಇರುವ ಜಿಮ್ಮಿ ಫಂಡ್‌ಗೆ ಅವನು ದಶಕಗಟ್ಟಲೆ ದುಡಿದದ್ದರ ನೆನಪು ಅದು. ಪಕ್ಕದಲ್ಲೇ 2010ರ ಇನ್ನೊಂದು: ಟೆಡ್, ಡೋರ್, ಜಾನಿ ಪೆಸ್ಕಿ, ಡಾಮ್ ಡಿಮ್ಯಾಜಿಯೋ ನಾಲ್ವರೂ ಒಟ್ಟಿಗೆ. ಅಂಗಡಿಯಲ್ಲಿ 9ನೇ ನಂಬರಿನ ಬಿಳಿ ತವರು ಜರ್ಸಿ ಕೊಳ್ಳುವವರು ಬೆನ್ನ ಮೇಲೆ ಹೆಸರಿಲ್ಲದ್ದನ್ನೇ ಆರಿಸಿ, ರೆಡ್ ಸಾಕ್ಸ್‌ನ ಬಿಳಿ ತವರು ಜರ್ಸಿಯಲ್ಲಿ ಆಟಗಾರರ ಹೆಸರಿರುವುದಿಲ್ಲ.

ಪ್ರವಾಸದ ಜೊತೆಗೆ ಪಂದ್ಯವನ್ನೂ ನೋಡುವುದಾದರೆ ಸೀಟಿನ ವಿಷಯದಲ್ಲಿ ಎಚ್ಚರ. ಗ್ರ್ಯಾಂಡ್‌ಸ್ಟ್ಯಾಂಡ್ ಸೂರನ್ನು ಹೊತ್ತ ಉಕ್ಕಿನ ಕಂಬಗಳು ಎಷ್ಟೋ ಕುರ್ಚಿಗಳ ಮುಂದೆ ಅಡ್ಡ ನಿಲ್ಲುತ್ತವೆ. ಟಿಕೆಟ್ ಮೇಲೆ ನೋಟಕ್ಕೆ ಅಡ್ಡಿಯಿದೆ ಎಂದು ಬರೆದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ, ಪಿಚರ್ ಅಥವಾ ಬ್ಯಾಟರ್ ಇಬ್ಬರಲ್ಲಿ ಒಬ್ಬ ಪೂರ್ತಿ ಮರೆಯಾಗಬಹುದು. ಬಲಗಡೆ ಒಂದಂಕಿಯ ವಿಭಾಗಗಳಲ್ಲಿ ಕುರ್ಚಿಗಳು ಹೋಮ್ ಪ್ಲೇಟ್ ಬಿಟ್ಟು ಮೈದಾನದ ನಡುವಿಗೆ ಮುಖ ಮಾಡಿವೆ, ಮೂರು ಗಂಟೆ ಕತ್ತು ತಿರುಗಿಸಿಕೊಂಡೇ ಕೂರಬೇಕು. ಬ್ಲೀಚರ್ಸ್‌ನಲ್ಲಿ ಕಂಬಗಳಿಲ್ಲ, ಆದರೆ ನೆರಳೂ ಇಲ್ಲ, ಜುಲೈ ಮಧ್ಯಾಹ್ನದ ಪಂದ್ಯಕ್ಕೆ ಟೋಪಿ ಬೇಕೇ ಬೇಕು. ಗೋಡೆಯ ಮೇಲಿನ ಸೀಟುಗಳು ದುಬಾರಿ, ಬೇಗ ಮುಗಿಯುತ್ತವೆ, ಅಲ್ಲಿಂದ ಗೋಡೆಯ ಬುಡದಲ್ಲಿ ನಡೆಯುವ ಆಟ ಕಾಣುವುದೂ ಇಲ್ಲ. ಕಡಿಮೆ ಖರ್ಚಿನಲ್ಲಿ ಮೈದಾನದ ಎಲ್ಲ ಮೂಲೆಗಳೂ ಕಾಣಬೇಕೆಂದರೆ ಬಲಗಡೆಯ ಬ್ಲೀಚರ್ಸ್‌ನಲ್ಲಿ, 42ನೇ ವಿಭಾಗದ ಆಸುಪಾಸಿನಲ್ಲಿ ಮೇಲಿನ ಸಾಲುಗಳನ್ನು ಹಿಡಿಯಿರಿ.